‘ಬರೆ’ ಎಂಬ ಒಂದೇ ಮಾತು: ಗಡಿನಾಡಿನ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಯ ಬೋಧನೆ

ಕನ್ನಡದಲ್ಲಿ ಮಗು ಅಕ್ಷರವನ್ನೂ ಬರೆಯುತ್ತದೆ, ಚಿತ್ರವನ್ನೂ ಬರೆಯುತ್ತದೆ. ಎರಡಕ್ಕೂ ಕ್ರಿಯಾಪದ ಒಂದೇ. ‘ಚಿತ್ರ ಬಿಡಿಸು’ ಎಂಬ ಮಾತೂ ರೂಢಿಯಲ್ಲಿದೆ. ಉತ್ತರದ ಕನ್ನಡದಲ್ಲಿ ‘ಚಿತ್ರ ತೆಗೆ’ ಎನ್ನುವುದೂ ಉಂಟು. ಆದರೂ ‘ಚಿತ್ರ ಬರೆ’ ಎಂದರೆ ಅರ್ಥವಾಗದ ಕನ್ನಡದ ಊರಿಲ್ಲ. ನೆರೆಯ ಭಾಷೆಗಳ ಇಂದಿನ ಬಳಕೆಯಲ್ಲಿ ಈ ಎರಡು ಕೆಲಸಗಳಿಗೆ ಸಾಮಾನ್ಯವಾಗಿ ಎರಡು ಮಾತುಗಳಿವೆ. ಮಲಯಾಳದಲ್ಲಿ ಚಿತ್ರಕ್ಕೆ ‘ವರಯ್ಕ್ಕುಕ’, ಅಕ್ಷರಕ್ಕೆ ‘ಎೞುತುಕ’. ತಮಿಳಿನಲ್ಲಿ ಚಿತ್ರಕ್ಕೆ ‘ವರೈ’, ಅಕ್ಷರಕ್ಕೆ ‘ಎೞುದು’. ತೆಲುಗಿನಲ್ಲಿ ಬೊಮ್ಮೆಯನ್ನು ‘ಗೀಯು’ತ್ತಾರೆ, ಅಕ್ಷರವನ್ನು ‘ರಾಯು’ತ್ತಾರೆ. ಮರಾಠಿಯಲ್ಲಿ ಅಕ್ಷರಕ್ಕೆ ‘ಲಿಹಿಣೆ’, ಚಿತ್ರಕ್ಕೆ ‘ಕಾಢಣೆ’. ಕನ್ನಡದ ‘ಬರೆ’, ತಮಿಳಿನ ‘ವರೈ’, ಮಲಯಾಳದ ‘ವರ’, ತುಳುವಿನ ‘ಬರೆ’, ತೆಲುಗಿನ ‘ವ್ರಾಯು’ ಇವೆಲ್ಲವೂ ಒಂದೇ ದ್ರಾವಿಡ ಧಾತುವಿನ ಕವಲುಗಳು. ಒಂದು ಕಡೆ ಆ ಧಾತು ಚಿತ್ರದ ಪಾಲಿಗೆ ಉಳಿಯಿತು, ಇನ್ನೊಂದು ಕಡೆ ಅಕ್ಷರದ ಪಾಲಿಗೆ ಹೋಯಿತು. ಕನ್ನಡದಲ್ಲಿ ಅದು ಎರಡನ್ನೂ ಹಿಡಿದು ನಿಂತಿದೆ.

ಭಾಷೆ ಕೂಡಿಸಿಟ್ಟುದನ್ನು ಶಾಲೆ ಬೇರ್ಪಡಿಸಿದೆ. ಅಕ್ಷರ ಬರೆಯುವುದು ಪಾಠ, ಚಿತ್ರ ಬರೆಯುವುದು ಬಿಡುವು ಎಂಬ ಎಣಿಕೆ ಪ್ರಾಥಮಿಕ ಶಿಕ್ಷಣದಲ್ಲಿ ಬೇರೂರಿದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಬೇರ್ಪಡೆಗೆ ತೆರಬೇಕಾದ ಬೆಲೆ ಹೆಚ್ಚು. ಅಲ್ಲಿನ ತರಗತಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ತೆಲುಗು, ತಮಿಳು, ಬಡಗ ಮೊದಲಾದ ನುಡಿಗಳನ್ನಾಡುವವರಿದ್ದಾರೆ. ಮನೆಮಾತು ಕನ್ನಡವೇ ಆಗಿರುವ ಮಗುವಿಗೂ ಅಂಗಡಿ, ಬಸ್ಸು, ದೂರದರ್ಶನಗಳ ಭಾಷೆ ಬೇರೆ. ಹೀಗಿರುವಾಗ ಕನ್ನಡವು ಪಠ್ಯಪುಸ್ತಕದ ಪ್ರಶ್ನೋತ್ತರಗಳ ಭಾಷೆಯಾಗಿ ಮಾತ್ರ ಉಳಿಯುವ ಅಪಾಯವಿದೆ. ತಾನು ಕಂಡದ್ದನ್ನು ಕನ್ನಡದಲ್ಲಿ ಹೇಳುವ ಸಂದರ್ಭ ಮಗುವಿಗೆ ದಿನದಲ್ಲಿ ಎಷ್ಟು ಸಲ ಒದಗುತ್ತದೆ ಎಂಬುದು ಈ ಶಾಲೆಗಳ ಅಳಿವು ಉಳಿವಿಗೆ ಸಂಬಂಧಿಸಿದ ಪ್ರಶ್ನೆ. ಚಿತ್ರಕಲೆಯ ಅವಧಿ ಅಂಥ ಸಂದರ್ಭವನ್ನು ಸಹಜವಾಗಿ ಒದಗಿಸಬಲ್ಲುದು. ಅದಕ್ಕೆ ಆ ಅವಧಿಯನ್ನು ಹೇಗೆ ನಡೆಸಬೇಕು ಎಂಬುದರ ವಿವರಣೆ ಈ ಲೇಖನದ ಉದ್ದೇಶ.

ಮಗುವಿನ ಚಿತ್ರ ಬೆಳೆಯುವ ಬಗೆ

ಚಿತ್ರಕಲೆಯನ್ನು ಕಲಿಸುವ ಮುನ್ನ ಅಧ್ಯಾಪಕರು ತಿಳಿಯಬೇಕಾದ ಮೊದಲ ಸಂಗತಿ, ಮಗುವಿನ ಚಿತ್ರವು ದೊಡ್ಡವರ ಚಿತ್ರದ ಅಪೂರ್ಣ ರೂಪವಲ್ಲ ಎಂಬುದು. ವಿಯೆನ್ನಾದಲ್ಲಿ ಫ್ರಾಂಝ್ ಚಿಝೆಕ್ ೧೮೯೭ರಲ್ಲಿ ಮಕ್ಕಳಿಗಾಗಿಯೇ ಕಲಾತರಗತಿಯನ್ನು ತೆರೆದಾಗಿನಿಂದ ಈ ತಿಳಿವು ಶಿಕ್ಷಣಚಿಂತನೆಯೊಳಗೆ ಹಬ್ಬುತ್ತ ಬಂದಿದೆ. ವಿಕ್ಟರ್ ಲೋವೆನ್‌ಫೆಲ್ಡ್ ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಘಟ್ಟಗಳಾಗಿ ವಿಂಗಡಿಸಿದರು. ಸುಮಾರು ಎರಡರಿಂದ ನಾಲ್ಕು ವರ್ಷದವರೆಗೆ ಮಗು ಗೀಚುತ್ತದೆ. ಕೈಯ ಚಲನೆಯೇ ಅದರ ಸಂತೋಷ. ನಾಲ್ಕರಿಂದ ಏಳರವರೆಗೆ ಗೀಚಿನಿಂದ ಆಕಾರಗಳು ಮೂಡುತ್ತವೆ: ಒಂದು ದುಂಡಿಗೆ ಎರಡು ಗೀಟು ಇಳಿಸಿದರೆ ಅದು ಅಮ್ಮ. ಏಳರಿಂದ ಒಂಬತ್ತರ ಹೊತ್ತಿಗೆ ಮಗು ತನ್ನದೇ ಸಂಕೇತಗಳನ್ನು ಕಟ್ಟಿಕೊಂಡಿರುತ್ತದೆ. ಮನೆಗೆ ಒಂದು ರೂಪ, ಮರಕ್ಕೆ ಒಂದು ರೂಪ. ಕಾಗದದ ಕೆಳಗೆ ಎಳೆದ ಒಂದು ಗೆರೆಯೇ ನೆಲ, ಎಲ್ಲವೂ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ಒಂಬತ್ತರ ಬಳಿಕ ‘ಇದು ನಿಜದ ಹಾಗಿಲ್ಲ’ ಎಂಬ ಅಸಮಾಧಾನ ಹುಟ್ಟುತ್ತದೆ. ಈ ವಯೋಮಿತಿಗಳು ಅಂದಾಜು ಮಾತ್ರ. ಒಂದೇ ತರಗತಿಯಲ್ಲಿ ಬೇರೆ ಬೇರೆ ಘಟ್ಟಗಳ ಮಕ್ಕಳಿರುವುದು ಸಹಜ.

ಮಗು ತಾನು ಕಂಡದ್ದನ್ನಲ್ಲ, ತಾನು ಬಲ್ಲುದನ್ನು ಬರೆಯುತ್ತದೆ ಎಂಬುದನ್ನು ಫ್ರೆಂಚ್ ವಿದ್ವಾಂಸ ಜಾರ್ಜ್ ಆನ್ರಿ ಲ್ಯುಕೆ ೧೯೨೭ರ ತಮ್ಮ ಕೃತಿಯಲ್ಲಿ ವಿವರಿಸಿದರು. ಬಾವಿಯ ಚಿತ್ರದಲ್ಲಿ ಕಟ್ಟೆಯ ಜೊತೆಗೆ ಒಳಗಿನ ನೀರೂ ಕೊಡವೂ ಕಾಣುತ್ತವೆ. ಹಸುವಿನ ಹೊಟ್ಟೆಯೊಳಗೆ ಕರು ಕಾಣುತ್ತದೆ. ಹಾದಿಯ ಎರಡು ಬದಿಯ ಮನೆಗಳು ಎರಡು ದಿಕ್ಕಿಗೆ ಮಡಚಿ ಬಿದ್ದಂತೆ ಇರುತ್ತವೆ. ಇವು ತಪ್ಪುಗಳಲ್ಲ, ಮಗುವಿನ ತಿಳಿವಳಿಕೆಯ ದಾಖಲೆಗಳು. ಬಾವಿಯೊಳಗೆ ನೀರು ಬರೆದ ಮಗುವಿಗೆ ‘ಹೊರಗಿನಿಂದ ನೀರು ಕಾಣುವುದಿಲ್ಲ’ ಎಂದು ತಿದ್ದಿದರೆ ಅದು ತನ್ನ ತಿಳಿವಳಿಕೆಯನ್ನು ಅಡಗಿಸುವುದನ್ನು ಕಲಿಯುತ್ತದೆ. ‘ನೀರು ಎಷ್ಟು ಆಳದಲ್ಲಿದೆ? ಕೊಡ ಮೇಲೆ ಬರುತ್ತಿದೆಯೋ ಕೆಳಗೆ ಇಳಿಯುತ್ತಿದೆಯೋ?’ ಎಂದು ಕೇಳಿದರೆ ಅದು ಬಾಯಿ ಬಿಡುತ್ತದೆ.

ಗಡಿನಾಡಿನ ಶಾಲೆಗಳಿಗೆಂದೇ ಹೇಳಿದಂತಿರುವ ಮಾತು ಲೆವ್ ವೈಗೋಟ್‌ಸ್ಕಿಯವರ ಬರಹದಲ್ಲಿದೆ. ಸನ್ನೆ, ಆಟ, ಚಿತ್ರ, ಬರಹ ಇವು ಬೇರೆ ಬೇರೆ ವಿದ್ಯೆಗಳಲ್ಲ, ಒಂದೇ ಬೆಳವಣಿಗೆಯ ಹಂತಗಳು ಎಂಬುದು ಅವರ ಪ್ರತಿಪಾದನೆ. ವಸ್ತುವನ್ನು ಬರೆಯಬಲ್ಲ ಮಗು ಮಾತನ್ನೂ ಬರೆಯಬಹುದೆಂದು ಕಂಡುಕೊಳ್ಳುವ ಗಳಿಗೆಯಲ್ಲಿ ಬರಹ ಹುಟ್ಟುತ್ತದೆ. ಕನ್ನಡದ ‘ಬರೆ’ ಧಾತು ತನ್ನೊಳಗೆ ಇಟ್ಟುಕೊಂಡಿರುವ ತಿಳಿವೂ ಇದಕ್ಕೆ ಸಮೀಪದ್ದು.

ಬಣ್ಣದ ಮಾತು, ಮಾತಿನ ಬಣ್ಣ

ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಬಣ್ಣದ ಪೆಟ್ಟಿಗೆಯೇ ಒಂದು ಭಾಷಾಪಾಠ. ಕಾಸರಗೋಡಿನ ತರಗತಿಯೊಂದರಲ್ಲಿ ಒಂದೇ ಬಣ್ಣದ ಕಡ್ಡಿಯನ್ನು ಒಬ್ಬರು ‘ಹಸಿರು’ ಎಂದು, ತುಳುವಿನ ಮಗು ‘ಪಚ್ಚೆ’ ಎಂದು, ಮಲಯಾಳದ ಮಗು ‘ಪಚ್ಚ’ ಎಂದು ಕರೆಯಬಹುದು. ಈ ಮೂರೂ ಹೊರನೋಟಕ್ಕೆ ಬೇರೆಯಾದರೂ ಮೂಲ ಒಂದೇ. ಹಳಗನ್ನಡದ ‘ಪಸಿರ್’ ಪಕಾರವು ಹಕಾರವಾಗಿ ‘ಹಸಿರು’ ಆಯಿತು. ‘ಹಸಿ’ ಮತ್ತು ‘ಹಸಿರು’ ಎಂಬವುಗಳ ನಂಟು ಕನ್ನಡದಲ್ಲಿರುವಂತೆ, ಮಲಯಾಳದಲ್ಲಿಯೂ ‘ಪಚ್ಚ’ ಎಂದರೆ ಹಸಿರೂ ಹೌದು, ಬೇಯಿಸದ್ದೂ ಹೌದು. ಅದೇ ಧಾತು ಮಡಕಶಿರಾ, ರಾಯದುರ್ಗಗಳ ಕಡೆ ತೆಲುಗಿನೊಳಗೆ ಬೇರೆ ದಾರಿ ಹಿಡಿದಿದೆ. ತೆಲುಗಿನ ‘ಪಚ್ಚ’ ಹಳದಿಗೂ ಸಲ್ಲುತ್ತದೆ. ಹಸಿರನ್ನು ಖಚಿತವಾಗಿ ಹೇಳಲು ‘ಆಕುಪಚ್ಚ’, ಎಂದರೆ ಎಲೆಯ ಪಚ್ಚ, ಎನ್ನಬೇಕಾಗುತ್ತದೆ. ಅರಿಸಿನಕ್ಕೆ ‘ಪಸುಪು’ ಎನ್ನುವುದೂ ಅದೇ ಧಾತುವಿನಿಂದ. ಆದ್ದರಿಂದ ಆ ಭಾಗದ ಮಗುವೊಂದು ಪಚ್ಚೆ ಎಂದಾಗ ಹಳದಿಯನ್ನು ಎತ್ತಿಕೊಟ್ಟರೆ ಅದನ್ನು ಅಜ್ಞಾನವೆಂದು ತಿಳಿಯುವುದು ಅಧ್ಯಾಪಕರ ತಪ್ಪಾಗುತ್ತದೆ.

ಕೆಂಪಿನ ಪಾಠ ಇನ್ನೂ ಸ್ವಾರಸ್ಯಕರ. ಕನ್ನಡದ ‘ಕೆಮ್ಮಣ್ಣು’ ತಮಿಳಿನಲ್ಲಿ ‘ಚೆಮ್ಮಣ್’, ಮಲಯಾಳದಲ್ಲಿ ‘ಚೆಮ್ಮಣ್ಣ್’. ಕನ್ನಡದ ಕಿವಿ ತಮಿಳು ಮಲಯಾಳಗಳಲ್ಲಿ ‘ಚೆವಿ’ಯಾಗುವುದೂ ಇದೇ ನಿಯಮದಿಂದ. ಹೊಸೂರು, ತಾಳವಾಡಿಗಳ ತರಗತಿಯಲ್ಲಿ ಕೆಮ್ಮಣ್ಣನ್ನು ಕಲಸಿ ಬಣ್ಣ ಮಾಡುವ ಹೊತ್ತಿನಲ್ಲಿ ಈ ಜೋಡಿಗಳನ್ನು ಮಕ್ಕಳೇ ಪತ್ತೆ ಹಚ್ಚಬಲ್ಲರು. ವ್ಯಾಕರಣದ ಹೆಸರೆತ್ತಬೇಕಾಗಿಲ್ಲ. ತನ್ನ ಮನೆಮಾತು ಶಾಲೆಯ ಮಾತಿನ ಶತ್ರುವಲ್ಲ, ನೆಂಟ ಎಂಬ ಅರಿವು ಮಗುವಿಗೆ ಬಂದರೆ ಸಾಕು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮಗುವಿನ ಸಮಸ್ಯೆ ಬೇರೆ. ಮರಾಠಿಯಲ್ಲಿ ಬಣ್ಣದ ಗುಣವಾಚಕ ನಾಮಪದದ ಲಿಂಗವನ್ನು ಅನುಸರಿಸುತ್ತದೆ: ಕುದುರೆಯಾದರೆ ‘ಕಾಳಾ ಘೋಡಾ’, ಹಸುವಾದರೆ ‘ಕಾಳೀ ಗಾಯ’, ಬೆಕ್ಕಾದರೆ ‘ಕಾಳೇ ಮಾಂಜರ’. ಕನ್ನಡದಲ್ಲಿ ಕರಿ ಕುದುರೆ, ಕರಿ ಹಸು, ಕರಿ ಬೆಕ್ಕು; ಬಣ್ಣ ಬದಲಾಗದು. ಮೂರು ಪ್ರಾಣಿಗಳನ್ನು ಒಂದೇ ಇದ್ದಿಲಿನಿಂದ ಬರೆದು ಎರಡೂ ಭಾಷೆಗಳಲ್ಲಿ ಹೆಸರಿಸಿದ ಮಗುವಿಗೆ ಈ ವ್ಯತ್ಯಾಸ ನೆನಪಿನಲ್ಲಿ ಉಳಿಯುವ ಸಾಧ್ಯತೆ, ನಿಯಮವನ್ನು ಬಾಯಿಪಾಠ ಮಾಡಿದ ಮಗುವಿಗಿಂತ ಹೆಚ್ಚು.

ಬಣ್ಣಗಳನ್ನು ಬೆರಸುವಾಗ ಕನ್ನಡದ ಸಮಾಸಶಕ್ತಿ ಕೈಗೆ ಸಿಗುತ್ತದೆ. ಹಸಿರಿಗೆ ಹಳದಿ ಬೆರೆತರೆ ಎಳೆಹಸಿರು, ಕಪ್ಪು ಸೋಕಿದರೆ ಕಡುಹಸಿರು, ನೀರು ಹೆಚ್ಚಿದರೆ ತಿಳಿಹಸಿರು. ಕೆಂಪಿಗೆ ಬಿಳಿ ಸೇರಿದರೆ ನಸುಗೆಂಪು. ಕಪ್ಪು ದಟ್ಟವಾದರೆ ಕಡುಗಪ್ಪು. ಎಳೆ, ತಿಳಿ, ನಸು, ಕಡು, ಅಚ್ಚ ಎಂಬ ಈ ಪೂರ್ವಪದಗಳನ್ನು ಮಗು ಬಟ್ಟಲಿನಲ್ಲಿ ಕಂಡು ಕಲಿಯುತ್ತದೆ. ಕೆಂಪು ‘ಗೆಂಪು’ ಆಗುವ ಆದೇಶಸಂಧಿ ಮೊದಲು ಕಿವಿಗೆ ರೂಢಿಯಾಗಿ, ಪಾಠವಾಗಿ ಆಮೇಲೆ ಬರುತ್ತದೆ. ಗಿಳಿ, ನವಿಲು, ಇಟ್ಟಿಗೆ, ಗೋಧಿ, ಬೂದಿ, ಕಾವಿ ಮುಂತಾದ ವಸ್ತುಗಳಿಂದ ಹುಟ್ಟಿದ ಬಣ್ಣದ ಹೆಸರುಗಳು ಮಗುವಿನ ಕಣ್ಣನ್ನು ವಸ್ತುವಿನ ಕಡೆಗೆ ತಿರುಗಿಸುತ್ತವೆ. ಹನ್ನೆರಡು ಬಣ್ಣಗಳ ಪೆಟ್ಟಿಗೆಯ ಮೇಲೆ ಅಚ್ಚಾದ ಇಂಗ್ಲಿಷ್ ಹೆಸರುಗಳಷ್ಟೇ ಬಾಯಿಗೆ ಬಂದರೆ ಈ ಸೂಕ್ಷ್ಮಗಳು ಒಂದು ತಲೆಮಾರಿನಲ್ಲಿ ಮರೆತುಹೋಗಬಲ್ಲವು.

ಬಣ್ಣದಂತೆಯೇ ಗೆರೆ ಮತ್ತು ಸ್ಥಳದ ಮಾತುಗಳು. ಚುಕ್ಕಿ, ಗೀಟು, ಸುರುಳಿ, ಬಳುಕು, ಅಂಚು, ಮೂಲೆ, ಓರೆ, ನೇರ, ಚೌಕ, ದುಂಡು. ಮೇಲೆ, ಕೆಳಗೆ, ನಡುವೆ, ಹಿಂದೆ, ಆಚೆ, ಒತ್ತಿಗೆ. ಚಿತ್ರ ಬರೆಯುವಾಗ ಇವು ಬೇಕೇ ಬೇಕಾದ ಮಾತುಗಳಾಗುತ್ತವೆ. ಕನ್ನಡದ ವಿಭಕ್ತಿಗಳು ಅರ್ಥಪೂರ್ಣವಾಗಿ ಬಳಕೆಯಾಗುವುದು ಇಂಥ ಮಾತುಕತೆಯಲ್ಲಿ: ‘ಮರದ ಮೇಲೆ’, ‘ಮರದಿಂದ’, ‘ಮರಕ್ಕೆ’ ಎಂಬ ಮೂರು ರೂಪಗಳಲ್ಲಿ ಹಕ್ಕಿಯೊಂದು ಕೂತಿದೆಯೋ, ಹಾರುತ್ತಿದೆಯೋ, ಬರುತ್ತಿದೆಯೋ ಎಂಬುದು ಚಿತ್ರದಲ್ಲಿಯೇ ತೀರ್ಮಾನವಾಗುತ್ತದೆ.

ಪಾಠದ ಕ್ರಮ

ಕರಿಹಲಗೆಯ ಮೇಲೆ ಅಧ್ಯಾಪಕರು ಒಂದು ಮಾವಿನ ಹಣ್ಣನ್ನು ಬರೆದು ಎಲ್ಲರೂ ಅದನ್ನು ನಕಲಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಇರುವ ದೃಶ್ಯವೂ ಇದೇ ಪದ್ಧತಿಯ ಫಲ. ಸಮುದ್ರದ ಬದಿಯ ಮಂಜೇಶ್ವರದ ಮಗುವೂ ಬಯಲುಸೀಮೆಯ ಆದವಾನಿಯ ಮಗುವೂ ಒಂದೇ ಗುಡ್ಡವನ್ನು ಬರೆಯುವಂತಾದರೆ ಕಣ್ಣು ಕೆಲಸ ಮಾಡುವುದನ್ನು ನಿಲ್ಲಿಸಿದೆ ಎಂದೇ ಅರ್ಥ. ನಕಲಿಗೆ ಮಾತೂ ಬೇಕಾಗುವುದಿಲ್ಲ, ಏಕೆಂದರೆ ಹೇಳಬೇಕಾದ ಹೊಸ ಸಂಗತಿ ಅಲ್ಲಿಲ್ಲ.

ಇದಕ್ಕೆ ಬದಲಾಗಿ ಪಾಠವನ್ನು ನಾಲ್ಕು ಹೆಜ್ಜೆಗಳಲ್ಲಿ ನಡೆಸಬಹುದು. ಮೊದಲನೆಯದು ನೋಡುವುದು ಅಥವಾ ನೆನೆಯುವುದು. ವಿಷಯ ಮಗುವಿನ ಅನುಭವಕ್ಕೆ ಅಂಟಿಕೊಂಡಿರಬೇಕು ಮತ್ತು ಅದರಲ್ಲಿ ಒಂದು ಕ್ರಿಯೆ ಇರಬೇಕು. ‘ಮಳೆ’ ಎನ್ನುವುದಕ್ಕಿಂತ ‘ಮಳೆಯಲ್ಲಿ ಶಾಲೆಗೆ ಬಂದದ್ದು’ ಎನ್ನುವುದು ಮೇಲು. ಐದು ನಿಮಿಷ ಮಕ್ಕಳು ಯಾವ ಭಾಷೆಯಲ್ಲಾದರೂ ಮಾತಾಡಲಿ. ಎರಡನೆಯದು ಬರೆಯುವುದು. ಈ ಹೊತ್ತಿನಲ್ಲಿ ಅಧ್ಯಾಪಕರು ಮೌನವಾಗಿರುವುದು ಒಳಿತು. ಮಗುವಿನ ಕಾಗದದ ಮೇಲೆ ತಮ್ಮ ಕೈಯಿಂದ ಗೆರೆ ಎಳೆಯದಿರುವುದು ಕಡ್ಡಾಯ. ‘ನನಗೆ ಬರುವುದಿಲ್ಲ, ನೀವೇ ಆನೆ ಬರೆದುಕೊಡಿ’ ಎಂದು ಮಗು ಕೇಳಿದರೆ ಆನೆಯನ್ನು ಬರೆದುಕೊಡುವ ಬದಲು, ಸೊಂಡಿಲು ಎಲ್ಲಿಂದ ಹೊರಡುತ್ತದೆ, ಕಾಲು ಕಂಬದ ಹಾಗಿದೆಯೇ ಕೋಲಿನ ಹಾಗಿದೆಯೇ ಎಂಬಂಥ ಪ್ರಶ್ನೆಗಳಿಂದ ಅದರ ನೆನಪನ್ನು ಕೆದಕಬೇಕು.

ಮೂರನೆಯ ಹೆಜ್ಜೆ ಹೇಳುವುದು. ‘ಇದೇನು?’ ಎಂಬ ಪ್ರಶ್ನೆ ಮಗುವನ್ನು ಕುಗ್ಗಿಸುತ್ತದೆ, ಏಕೆಂದರೆ ಬರೆದದ್ದು ತಿಳಿಯುವಂತಿಲ್ಲ ಎಂಬ ತೀರ್ಪು ಅದರೊಳಗಿದೆ. ‘ಇದರ ಕತೆ ಹೇಳು’ ಎಂದರೆ ಮಾತು ಹೊರಡುತ್ತದೆ. ಮಗು ಮಲಯಾಳದಲ್ಲೋ ಮರಾಠಿಯಲ್ಲೋ ಹೇಳಿದರೆ ಅಧ್ಯಾಪಕರು ಅದನ್ನು ತಡೆಯದೆ ಕೇಳಿ, ಅದನ್ನೇ ಕನ್ನಡದಲ್ಲಿ ಮತ್ತೆ ಹೇಳಿ, ಮಗು ಒಪ್ಪಿದ ಮೇಲೆ ನಾಲ್ಕನೆಯ ಹೆಜ್ಜೆಗೆ ಹೋಗಬಹುದು. ಅದು ಚಿತ್ರದ ಕೆಳಗೆ ಒಂದು ಸಾಲು ಬರೆಯುವುದು. ಒಂದನೆಯ ತರಗತಿಯಲ್ಲಿ ಮಗು ಹೇಳಿದ್ದನ್ನು ಅಧ್ಯಾಪಕರು ಬರೆಯುತ್ತಾರೆ, ಮಗು ಅದರಲ್ಲಿ ತನಗೆ ಬೇಕಾದ ಒಂದು ಪದವನ್ನು ತಿದ್ದುತ್ತದೆ. ಮೂರನೆಯ ತರಗತಿಯ ಹೊತ್ತಿಗೆ ಸಾಲು ಮಗುವಿನದೇ. ನ್ಯೂಝಿಲೆಂಡಿನಲ್ಲಿ ಮಾಓರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಶ್ಟನ್ ವಾರ್ನರ್ ೧೯೬೩ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಮಗುವಿಗೆ ಮೊದಲು ಓದಲು ಕೊಡಬೇಕಾದದ್ದು ಅದರ ಒಳಗಿನಿಂದಲೇ ಬಂದ ಪದಗಳನ್ನು ಎಂದು ತೋರಿಸಿದರು. ಚಿತ್ರದ ಕೆಳಗಿನ ಸಾಲು ಅಂಥದೇ ಪದಗಳ ಭಂಡಾರ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಚಿತ್ರವನ್ನು ಮಾತು ಹೊರಡಿಸುವ ಉಪಾಯವನ್ನಾಗಿ ಮಾತ್ರ ಕಂಡರೆ ಚಿತ್ರವೂ ಕೆಡುತ್ತದೆ, ಮಾತೂ ಕೆಡುತ್ತದೆ. ಮಕ್ಕಳು ಬೇಗ ತಿಳಿದುಕೊಳ್ಳುತ್ತಾರೆ: ಹೇಳಲು ಸುಲಭವಾದುದನ್ನೇ ಬರೆಯತೊಡಗುತ್ತಾರೆ. ಗೆರೆಯ ಲಯ, ಬಣ್ಣದ ಒಪ್ಪ, ಕಾಗದವನ್ನು ತುಂಬುವ ಸಂತೋಷ ಇವು ಮಾತಿಗೆ ಸಿಗುವಂಥವಲ್ಲ. ಕೆಲವು ಚಿತ್ರಗಳ ಬಗ್ಗೆ ಮಗು ಏನನ್ನೂ ಹೇಳಲು ಇಚ್ಛಿಸದು, ಆ ಮೌನವನ್ನು ಗೌರವಿಸಬೇಕು. ಭಾಷೆ ಚಿತ್ರದ ಹಿಂದೆ ಬರಲಿ, ಮುಂದೆ ನಿಂತು ಎಳೆಯದಿರಲಿ ಎಂಬುದೇ ಈ ಕ್ರಮದ ತಿರುಳು. ಸೇವಾಗ್ರಾಮದಲ್ಲಿ ಕಲಾಶಿಕ್ಷಕರಾಗಿದ್ದ ದೇವಿಪ್ರಸಾದರು ಕಲೆಯನ್ನು ಶಿಕ್ಷಣದ ಅಲಂಕಾರವೆಂದು ಎಣಿಸದೆ ಅದರ ಆಧಾರವೆಂದೇ ಕಂಡದ್ದನ್ನು ಇಲ್ಲಿ ನೆನೆಯಬಹುದು. ಕಾಸರಗೋಡಿಗೆ ಸಮೀಪದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಆಟ, ನಾಟಕ, ಪ್ರಕೃತಿಗಳೊಡನೆ ಬೆಸೆಯಲು ನಡೆಸಿದ ಪ್ರಯೋಗವೂ ಈ ಪರಂಪರೆಗೇ ಸೇರಿದ್ದು.

ಸಾಮಗ್ರಿ ಮತ್ತು ಊರಿನ ದೃಶ್ಯಲೋಕ

ಬಣ್ಣ, ಕಾಗದಗಳಿಗೆ ಹಣವಿಲ್ಲ ಎಂಬುದು ಚಿತ್ರಕಲೆಯನ್ನು ಬಿಡಲು ಕೊಡುವ ಸಾಮಾನ್ಯ ಕಾರಣ. ಇದ್ದಿಲು, ಸುಣ್ಣ, ಕೆಮ್ಮಣ್ಣು, ಜೇಡಿಮಣ್ಣು, ಅರಿಸಿನ ಯಾವ ಊರಿನಲ್ಲೂ ಸಿಗುತ್ತವೆ. ಅರಿಸಿನದ ನೀರಿಗೆ ಸುಣ್ಣದ ತಿಳಿ ಬೆರಸಿದರೆ ಅದು ಕೆಂಪಾಗುತ್ತದೆ. ಓಕುಳಿಯ ಈ ಗುಟ್ಟು ಮಕ್ಕಳಿಗೆ ಬಣ್ಣದ ಪಾಠವೂ ಹೌದು, ರಸಾಯನದ ಪಾಠವೂ ಹೌದು. ಸುಣ್ಣ ಕಣ್ಣಿಗೆ ಅಪಾಯಕಾರಿಯಾದುದರಿಂದ ಬೆರಸುವ ಕೆಲಸ ಅಧ್ಯಾಪಕರದೇ ಆಗಿರಬೇಕು. ಬಸಳೆಯ ಹಣ್ಣು ನೇರಳೆ ಬಣ್ಣ ಕೊಡುತ್ತದೆ. ಅಡಕೆ ತೋಟಗಳ ನಾಡಿನಲ್ಲಿ ಒಣಗಿ ಬಿದ್ದ ಹಾಳೆಯ ಮೇಲೆ ಸುಣ್ಣ, ಕೆಮ್ಮಣ್ಣುಗಳಿಂದ ಬರೆಯಬಹುದು. ಬರೆಯುವ ಕಾಗದಕ್ಕೂ ಅಡಕೆಯ ಹೊದಿಕೆಗೂ ಕನ್ನಡದಲ್ಲಿ ‘ಹಾಳೆ’ ಎಂಬ ಒಂದೇ ರೂಪ ಇರುವುದನ್ನು ಮಕ್ಕಳು ತಾವೇ ಗಮನಿಸುತ್ತಾರೆ.

ಪ್ರತಿ ಗಡಿನಾಡಿಗೂ ತನ್ನದೇ ದೃಶ್ಯಪರಂಪರೆ ಇದೆ. ಕಾಸರಗೋಡಿನ ಮಗು ಯಕ್ಷಗಾನದ ಬಣ್ಣದ ವೇಷವನ್ನೂ ತೆಯ್ಯದ ಮುಖವನ್ನೂ ಕಂಡಿರುತ್ತದೆ. ಬಣ್ಣವೇ ಪಾತ್ರದ ಹೆಸರಾಗಿರುವ ಆ ವೇಷದಲ್ಲಿ ಮುಖದ ಮೇಲೆ ಇಡುವ ಚುಟ್ಟಿಯ ಬಿಳಿ ಸಾಲುಗಳು ಗೆರೆ ಮತ್ತು ಚುಕ್ಕಿಯ ಪಾಠವೇ ಸರಿ. ತೆಯ್ಯದ ಮುಖಲೇಖನಕ್ಕೆ ಮಲಯಾಳದಲ್ಲಿ ‘ಮುಖತ್ತೆೞುತ್ತ್’ ಎನ್ನುತ್ತಾರೆ. ನೆಲದ ಮೇಲಿನ ಬಣ್ಣದ ಹುಡಿಯ ಆಕೃತಿಗೆ ‘ಕಳಮೆೞುತ್ತ್’. ಲೇಖನದ ಆರಂಭದಲ್ಲಿ ಹೇಳಿದ ಎರಡು ಮಾತುಗಳ ಬೇರ್ಪಡೆ ಆರಾಧನೆಯ ನೆಲೆಯಲ್ಲಿ ಮಲಯಾಳದಲ್ಲೂ ಕರಗಿ, ಚಿತ್ರವು ‘ಎೞುತ್ತು’ ಆಗುತ್ತದೆ. ವಯನಾಡಿನಲ್ಲಿ ಎಡಕ್ಕಲ್ಲಿನ ಬಂಡೆಯ ಗೋಡೆಗಳಲ್ಲಿ ಕೊರೆದ ಮನುಷ್ಯಾಕೃತಿಗಳಿವೆ. ಮಗುವಿನ ಸಂಕೇತರೂಪಗಳಿಗೂ ಅವಕ್ಕೂ ಇರುವ ಹೋಲಿಕೆ ಮಾತಿಗೆ ಒಳ್ಳೆಯ ಆರಂಭ. ನೀಲಗಿರಿಯಲ್ಲಿ ತೋಡ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ, ಎಳೆಗಳನ್ನು ಎಣಿಸಿ ಹಾಕುವ ಕಸೂತಿ ಇದೆ. ಚೌಕುಳಿ ಕಾಗದದ ಮೇಲೆ ಅಂಥ ವಿನ್ಯಾಸ ಕಟ್ಟುವಾಗ ಎಣಿಕೆಯೂ ಚಿತ್ರವೂ ಕೂಡುತ್ತವೆ. ಸೊಲ್ಲಾಪುರದಲ್ಲಿ ಚಾದರದ ವಿನ್ಯಾಸಗಳಿವೆ, ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮನ ಜಾತ್ರೆಯ ನಂದಿಕೋಲುಗಳಿವೆ. ಮಡಕಶಿರಾದ ಶಾಲೆಗಳಿಗೆ ಲೇಪಾಕ್ಷಿ ದೂರವಲ್ಲ. ಅಲ್ಲಿನ ವೀರಭದ್ರ ದೇವಾಲಯದ ಮೇಲ್ಛಾವಣಿಯಲ್ಲಿ ಹದಿನಾರನೆಯ ಶತಮಾನದ ವಿಜಯನಗರ ಶೈಲಿಯ ವರ್ಣಚಿತ್ರಗಳಿವೆ. ಗೋವೆಯ ಕನ್ನಡ ಮಕ್ಕಳು ಗುಡಿಗಳ ಗೋಡೆಯಲ್ಲಿ ಕಾವಿಯ ಕೆಂಪು, ಸುಣ್ಣದ ಬಿಳಿಗಳಿಂದಾದ ಕಾವಿಕಲೆಯನ್ನು ಕಾಣಬಹುದು.

ಈ ಪರಂಪರೆಗಳನ್ನು ನಕಲಿಗೆ ಮಾದರಿಗಳನ್ನಾಗಿ ಇಡಬಾರದು. ಹಾಗೆ ಮಾಡಿದರೆ ಮಾವಿನ ಹಣ್ಣಿನ ಜಾಗಕ್ಕೆ ಯಕ್ಷಗಾನದ ಕಿರೀಟ ಬಂದಂತಾಯಿತು, ಅಷ್ಟೆ. ಅವನ್ನು ನೋಡಿ, ಅವುಗಳ ಗೆರೆ ಎಲ್ಲಿ ದಪ್ಪ ಎಲ್ಲಿ ಸಣ್ಣ ಎಂದು ಮಾತಾಡಿ, ಮುಚ್ಚಿಟ್ಟು, ಆಮೇಲೆ ಮಗು ತನ್ನದನ್ನು ಬರೆಯಬೇಕು. ‘ನಮ್ಮದು’ ಎಂಬುದನ್ನು ಕನ್ನಡದ ಗುರುತುಗಳಿಗೆ ಮಾತ್ರ ಮಿತಿಗೊಳಿಸುವುದೂ ಸರಿಯಲ್ಲ. ಗಡಿನಾಡಿನ ಮಗು ಓಣಂ ಹಬ್ಬದ ಹೂಕಳವನ್ನೂ ಅಮ್ಮ ಹಾಕುವ ರಂಗೋಲಿಯನ್ನೂ, ಕೋಲವನ್ನೂ ಮುಗ್ಗನ್ನೂ ಒಂದೇ ಅಂಗಳದಲ್ಲಿ ಕಂಡಿರಬಹುದು. ಅದರ ಕಾಗದದ ಮೇಲೆ ಅವೆಲ್ಲವಕ್ಕೂ ಎಡೆ ಬೇಕು. ಕನ್ನಡವು ಅವೆಲ್ಲವನ್ನೂ ಹೆಸರಿಸಬಲ್ಲ ಭಾಷೆಯಾಗಿ ಮಗುವಿಗೆ ಒದಗಬೇಕು.

ಕಲಿಸುವವರು ಯಾರು?

ಸಂವಿಧಾನದ ಏಳನೆಯ ತಿದ್ದುಪಡಿಯಿಂದ ೧೯೫೬ರಲ್ಲಿ ಸೇರಿದ ೩೫೦ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸುತ್ತದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ನೂರಕ್ಕಿಂತ ಹೆಚ್ಚು ಮಕ್ಕಳಿರುವೆಡೆ ಆರರಿಂದ ಎಂಟನೆಯ ತರಗತಿಗಳಿಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರನ್ನು ಹೇಳುತ್ತದೆ; ಒಂದರಿಂದ ಐದನೆಯ ತರಗತಿಗಳಿಗೆ ಅಂಥ ಮಾತಿಲ್ಲ. ಅದೇ ಅನುಸೂಚಿಯಂತೆ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಅಧ್ಯಾಪಕರು. ಹೀಗಾಗಿ ಸಣ್ಣ ಕನ್ನಡ ಶಾಲೆಗಳಲ್ಲಿ ಚಿತ್ರಕಲೆಯನ್ನು ಕಲಿಸುವವರು ತರಗತಿಯ ಅಧ್ಯಾಪಕರೇ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗೆ ಪಠ್ಯವಿಷಯದ ಸ್ಥಾನ ಬೇಕೆಂದಿತು, ೨೦೨೦ರ ಶಿಕ್ಷಣ ನೀತಿ ಕಲೆಯೊಡನೆ ಬೆಸೆದ ಕಲಿಕೆಯನ್ನು ಹೇಳಿತು. ಆದರೆ ಇಬ್ಬರು ಅಧ್ಯಾಪಕರು ಐದು ತರಗತಿಗಳನ್ನು ನೋಡಿಕೊಳ್ಳುವಲ್ಲಿ ಈ ಆಶಯಗಳು ತಾವಾಗಿ ಜಾರಿಗೆ ಬರುವುದಿಲ್ಲ.

ಮೇಲೆ ವಿವರಿಸಿದ ಕ್ರಮ ಇಂಥ ಶಾಲೆಗೇ ಹೊಂದುವಂಥದು ಎಂಬುದು ಗಮನಾರ್ಹ. ಗಣಿತದಲ್ಲಿ ಐದು ತರಗತಿಗಳಿಗೆ ಐದು ಪಾಠಗಳು ಬೇಕು. ಚಿತ್ರದಲ್ಲಿ ಒಂದೇ ವಿಷಯ ಸಾಕು. ‘ಮಳೆಯಲ್ಲಿ ಶಾಲೆಗೆ ಬಂದದ್ದು’ ಎಂಬುದನ್ನು ಒಂದನೆಯ ತರಗತಿಯ ಮಗು ಗೀಟುಗಳಲ್ಲಿ ಸುರಿಸುತ್ತದೆ, ಐದನೆಯ ತರಗತಿಯ ಮಗು ಕೊಡೆಯ ಹಿಂದೆ ಅರ್ಧ ಮರೆಯಾದ ಮುಖವನ್ನು ಬರೆಯಲು ಹೆಣಗುತ್ತದೆ. ದೊಡ್ಡ ಮಕ್ಕಳು ಚಿಕ್ಕವರ ಕತೆ ಕೇಳಿ ಸಾಲು ಬರೆದುಕೊಡುತ್ತಾರೆ. ಅಧ್ಯಾಪಕರು ಸ್ವತಃ ಚೆನ್ನಾಗಿ ಚಿತ್ರ ಬರೆಯಬಲ್ಲವರಾಗಿರಬೇಕಾಗಿಲ್ಲ. ಆದರೆ ಮಕ್ಕಳ ಮಾತನ್ನು ಕೇಳಿ ಅದನ್ನು ಕನ್ನಡದಲ್ಲಿ ಮರಳಿಸಬಲ್ಲವರಾಗಿರಲೇಬೇಕು. ಕಾಸರಗೋಡಿನಲ್ಲಿ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಹೆತ್ತವರೂ ಮಕ್ಕಳೂ ಪ್ರತಿಭಟಿಸಿದ್ದಾರೆ. ಆ ಪ್ರಶ್ನೆಯನ್ನು ಗಣಿತ, ಸಮಾಜಗಳ ಪಾಠದ ದೃಷ್ಟಿಯಿಂದ ಮಾತ್ರ ನೋಡುವುದು ವಾಡಿಕೆ. ಕಂಡದ್ದನ್ನು ಹೇಳಹೊರಟ ಏಳು ವರ್ಷದ ಮಗುವಿಗೆ ಕೇಳುವ ಕಿವಿಯೇ ಇಲ್ಲವಾಗುವುದು ಅದಕ್ಕಿಂತ ಆಳದ ನಷ್ಟ.

ಮೌಲ್ಯಮಾಪನಕ್ಕೆ ಅಂಕಗಳು ಬೇಕಾಗಿಲ್ಲ. ಪ್ರತಿ ಮಗುವಿಗೆ ಒಂದು ಕಡತ, ಪ್ರತಿ ಚಿತ್ರದ ಹಿಂದೆ ತಾರೀಕು, ಕೆಳಗೆ ಆ ದಿನದ ಸಾಲು. ವರ್ಷಕ್ಕೆ ಮೂರು ಸಲ ಒಂದೇ ವಿಷಯವನ್ನು, ‘ಮನೆಯಿಂದ ಶಾಲೆಗೆ ದಾರಿ’ ಎಂಬಂಥದನ್ನು, ಮತ್ತೆ ಬರೆಸಿದರೆ ಚಿತ್ರ ಎಷ್ಟು ಬೆಳೆಯಿತು, ಸಾಲು ಎಷ್ಟು ಬೆಳೆಯಿತು ಎರಡೂ ಒಟ್ಟಿಗೆ ಕಾಣುತ್ತವೆ. ಇಂಥ ಕಡತಗಳು ಕಲವೇ ವರ್ಷಗಳಲ್ಲಿ ಸಂಶೋಧಕರಿಗೆ ಬೆಲೆಬಾಳುವ ಆಕರಗಳಾಗಬಲ್ಲವು. ಬಹುಭಾಷಿಕ ಮಗುವಿನ ಕನ್ನಡ ಹೇಗೆ ಕಟ್ಟಿಕೊಳ್ಳುತ್ತದೆ, ಯಾವ ಪದ ಮನೆಮಾತಿನಿಂದ ಬರುತ್ತದೆ, ಯಾವ ರೂಪ ಯಾವಾಗ ನೆಲೆಗೊಳ್ಳುತ್ತದೆ ಎಂಬುದನ್ನು ಪರೀಕ್ಷೆಯ ಉತ್ತರಪತ್ರಿಕೆಗಳಿಗಿಂತ ನಂಬಿಕೆಯಿಂದ ಇವು ತಿಳಿಸಬಲ್ಲವು. ಗಡಿನಾಡಿನ ಅಧ್ಯಾಪಕರೂ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳೂ ಕೂಡಿ ಮಾಡಬಹುದಾದ ಕೆಲಸ ಇದು.

ಕನ್ನಡ ಶಾಲೆಗಳ ಉಳಿವಿನ ಚರ್ಚೆ ಕಾಯಿದೆ, ನೇಮಕಾತಿ, ಪಠ್ಯಪುಸ್ತಕಗಳ ಸುತ್ತ ನಡೆಯುವುದು ಅನಿವಾರ್ಯವೇ. ಆದರೆ ಭಾಷೆಯೊಂದು ಮಗುವಿನಲ್ಲಿ ಉಳಿಯುವುದು ಅದು ಕಣ್ಣಿಗೆ ಬಿದ್ದುದನ್ನು ಹೇಳಲು ನೆರವಾದಾಗ. ವಾರಕ್ಕೆ ಎರಡು ಅವಧಿ, ಒಂದಿಷ್ಟು ಕೆಮ್ಮಣ್ಣು, ಕೇಳುವ ಒಬ್ಬರು ಅಧ್ಯಾಪಕರು ಇದ್ದರೆ ಈ ಕೆಲಸ ಆರಂಭವಾಗಬಲ್ಲುದು. ‘ಬರೆ’ ಎಂದಾಗ ಮಗು ‘ಚಿತ್ರವೋ ಅಕ್ಷರವೋ?’ ಎಂದು ಕೇಳಿದರೆ, ‘ಎರಡೂ’ ಎಂದು ಹೇಳುವ ಸ್ವಾತಂತ್ರ್ಯವನ್ನು ಕನ್ನಡ ಮೊದಲೇ ಕೊಟ್ಟಿದೆ.